ಬಂಪರ್ ಬಿಚ್ಚಿದ ಮೇಲೆ ರೇಡಾರ್ ನೋಡಿಸಿದಿರಾ?

ಪುಣೆಯ ಕನ್ನಡ ಕೇಳುಗರಿಗೆಲ್ಲ ನಮಸ್ಕಾರ.

ಊರಿಗೆ ಹೊರಟರೆ ಕಾರೇ ಸರಿ ಅನ್ನುವವರು ನಮ್ಮಲ್ಲಿ ಈಗ ಜಾಸ್ತಿ. ಕಾತ್ರಜ್ ಬಿಟ್ಟು, ಖಂಬಾಟ್ಕಿ ಘಾಟಿ ದಾಟಿ, ಸಾತಾರಾ, ಕರಾಡ, ಕೊಲ್ಹಾಪುರ, ನಿಪ್ಪಾಣಿ ಅಂತ ಬೆಳಗಾವಿ ಮುಟ್ಟುತ್ತೇವೆ. ಈ ದಾರಿಯಲ್ಲಿ ನಮ್ಮ ಕಾರುಗಳು ಈಗೀಗ ತಾವೂ ಸ್ವಲ್ಪ ಕೆಲಸ ಮಾಡುತ್ತವೆ. ಮುಂದಿನ ಲಾರಿ ನಿಧಾನವಾದರೆ ತಾವೇ ವೇಗ ಇಳಿಸುತ್ತವೆ. ಲೇನ್ ಬಿಟ್ಟು ಸರಿದರೆ ಎಚ್ಚರಿಸುತ್ತವೆ. ಕನ್ನಡಿಗೆ ಸಿಗದ ಬೈಕ್ ಪಕ್ಕಕ್ಕೆ ಬಂದರೆ ದೀಪ ಹೊತ್ತಿಸುತ್ತವೆ. ಇದಕ್ಕೆಲ್ಲ ಸೇರಿಸಿ ಎಡಾಸ್ (ADAS), ಅಂದರೆ ಓಡಿಸುವವರಿಗೆ ನೆರವಾಗುವ ವ್ಯವಸ್ಥೆ ಅನ್ನುತ್ತಾರೆ. 2020ರಲ್ಲಿ ಎಂ.ಜಿ. ಗ್ಲೋಸ್ಟರ್, 2021ರಲ್ಲಿ ಮಹೀಂದ್ರಾ ಎಕ್ಸ್‌ಯುವಿ700 ಬಂದಾಗ ಇದು ದೊಡ್ಡ ಗಾಡಿಗಳ ಮಾತಾಗಿತ್ತು. 2024ರ ಕೊನೆಗೆ ಹೋಂಡಾ ಅಮೇಜ್‌ನಂಥ ಸಣ್ಣ ಸೆಡಾನ್‌ಗೂ ಬಂತು.

ನಾನು ಪಿಂಪ್ರಿ-ಚಿಂಚ್‌ವಡ ಕಡೆ ಒಂದು ವರ್ಕ್‌ಶಾಪಿನಲ್ಲಿ ಈ ಸೆನ್ಸರ್‌ಗಳ ಕ್ಯಾಲಿಬ್ರೇಷನ್, ಅಂದರೆ ಕಾರಿನ ಕ್ಯಾಮೆರಾ, ರೇಡಾರ್ ನೇರ ನೋಡುವಂತೆ ಹೊಂದಿಸುವ ಕೆಲಸ ಮಾಡುತ್ತೇನೆ. ಡೆಂಟಿಂಗ್-ಪೇಂಟಿಂಗ್ ಮುಗಿಸಿದ ಗಾಡಿಯನ್ನು ಜನ ಹೇಗೆ ನೋಡುತ್ತಾರೆ ಅಂತ ದಿನಾ ಕಾಣುತ್ತೇನೆ. ಬಣ್ಣ ಹೊಂದಿದೆಯಾ? ಬಾನೆಟ್ ಪಕ್ಕದ ಸಂದು ಎರಡೂ ಕಡೆ ಒಂದೇ ಇದೆಯಾ? ಇದನ್ನು ಬೆರಳು ಇಟ್ಟು ನೋಡುತ್ತಾರೆ. ರೇಡಾರ್ ನೇರ ಇದೆಯಾ ಅಂತ ಕೇಳುವವರು ತುಂಬ ಕಡಿಮೆ. ಆ ಪ್ರಶ್ನೆಯನ್ನು ನೀವೆಲ್ಲ ಕೇಳುವಂತಾಗಲಿ ಅಂತಲೇ ಇವತ್ತು ಇಲ್ಲಿ ಕೂತಿದ್ದೇನೆ.

ಮೊದಲು ಯಾವುದು ಎಲ್ಲಿದೆ ನೋಡೋಣ. ಒಳಗಿನ ಕನ್ನಡಿಯ ಹಿಂದೆ, ಮುಂದಿನ ಗಾಜಿಗೆ ಅಂಟಿಕೊಂಡಂತೆ ಒಂದು ಕ್ಯಾಮೆರಾ. ಲೇನಿನ ಬಿಳಿ ಗೆರೆ, ಮುಂದಿನ ಗಾಡಿ, ಜನ, ಇವನ್ನು ನೋಡುವುದು ಅದು. ಹಲವು ಕಾರುಗಳಲ್ಲಿ ಮುಂದಿನ ಬಂಪರ್ ಅಥವಾ ಗ್ರಿಲ್ ಹಿಂದೆ ಒಂದು ರೇಡಾರ್ ಕೂಡ ಇರುತ್ತದೆ. ರೇಡಿಯೋ ಅಲೆ ಕಳಿಸಿ ದೂರ ಮತ್ತು ವೇಗ ಅಳೆಯುವುದು ಅದರ ಕೆಲಸ. ಪಕ್ಕದ ಗಾಡಿ ತೋರಿಸುವ ಸಣ್ಣ ರೇಡಾರ್‌ಗಳು ಹಿಂದಿನ ಬಂಪರಿನ ಎರಡು ಮೂಲೆಯಲ್ಲಿ. ಪಾರ್ಕಿಂಗ್ ಮಾಡುವಾಗ ಬೀಪ್ ಅನ್ನುವ ದುಂಡು ಸೆನ್ಸರ್‌ಗಳು ನಿಮಗೆ ಗೊತ್ತೇ ಇವೆ.

ಇವೆಲ್ಲ ಎಷ್ಟು ನೇರ ಇರಬೇಕು? ಒಂದು ಲೆಕ್ಕ ಹೇಳುತ್ತೇನೆ. ರೇಡಾರ್ ಒಂದೇ ಒಂದು ಡಿಗ್ರಿ ಓರೆಯಾಯಿತು ಅಂದುಕೊಳ್ಳಿ. 100 ಮೀಟರ್ ಮುಂದೆ ಅದರ ನೋಟ ಸುಮಾರು 1.75 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ನಮ್ಮ ಹೆದ್ದಾರಿಯ ಒಂದು ಲೇನ್ 3.5 ಮೀಟರ್ ಅಗಲ. ಅಂದರೆ ಅರ್ಧ ಲೇನ್ ತಪ್ಪಿತು. ಕೇರಂ ಆಡಿದವರಿಗೆ ಇದು ಗೊತ್ತು, ಸ್ಟ್ರೈಕರ್ ಕೂದಲೆಳೆಯಷ್ಟು ಓರೆಯಾದರೂ ಆಚೆ ಮೂಲೆಯ ಕಾಯಿ ಪಾಕೆಟ್‌ಗೆ ಬೀಳುವುದಿಲ್ಲ. ಪಕ್ಕದ ಲೇನಿನ ಲಾರಿಯನ್ನು ನಿಮ್ಮ ಲೇನಿನದು ಅಂತ ಕಾರು ತಿಳಿದರೆ ಖಾಲಿ ರಸ್ತೆಯಲ್ಲಿ ಬ್ರೇಕ್ ಹಾಕಬಹುದು. ನಿಮ್ಮ ಮುಂದಿನದನ್ನೇ ಪಕ್ಕದ್ದು ಅಂತ ತಿಳಿದರೆ ಬ್ರೇಕ್ ತಡವಾಗಬಹುದು.

ಇನ್ನೊಂದು ವಿಷಯ. ಓರೆಯಾದ ಮಾತ್ರಕ್ಕೆ ಮೀಟರಿನಲ್ಲಿ ದೀಪ ಬಂದೇ ಬರುತ್ತದೆ ಅಂತ ನಂಬಬೇಡಿ. ಕೆಲವು ರೇಡಾರ್‌ಗಳು ಸಣ್ಣ ವ್ಯತ್ಯಾಸವನ್ನು ಓಡುತ್ತಾ ಓಡುತ್ತಾ ತಾವೇ ತಿದ್ದಿಕೊಳ್ಳುತ್ತವೆ, ನಿಜ. ಮಿತಿ ಮೀರಿದರೆ ದೂರು ತೋರಿಸುತ್ತವೆ, ಅದೂ ನಿಜ. ಆದರೆ ವೈರ್ ಸರಿಯಿದೆ, ಕರೆಂಟ್ ಬರುತ್ತಿದೆ, ಎಲ್ಲ ಚೆನ್ನಾಗಿದೆ ಅಂದುಕೊಂಡು ತಪ್ಪು ಕಡೆ ನೋಡುತ್ತಾ ಕೂತ ಸೆನ್ಸರ್‌ಗಳು ನನ್ನ ಕೈಗೆ ಬಂದಿವೆ.

ಧಾರವಾಡದಿಂದ ಬಂದು ಇಲ್ಲೇ ನೆಲೆಸಿದ ಹಿರಿಯರೊಬ್ಬರು ಗಾಡಿ ತಂದಿದ್ದರು. ಸಿಗ್ನಲ್‌ನಲ್ಲಿ ಯಾರೋ ಗುದ್ದಿ ಬಂಪರ್ ಸೀಳಿತ್ತು. ಕಡಿಮೆ ಖರ್ಚಿನಲ್ಲಿ ಆಗಲಿ ಅಂತ ಮನೆ ಹತ್ತಿರದ ಪೇಂಟರ್ ಕೈಯಲ್ಲಿ ರಿಪೇರಿ ಮಾಡಿಸಿದ್ದರು. "ತಮ್ಮಾ, ಬಣ್ಣ ಭಾಳ ಛಲೋ ಹಚ್ಯಾನ. ಆದ್ರ ಗಾಡಿ ಮುಂದಿನ ಲಾರಿ ಗುರ್ತ ಹಿಡೀವಲ್ದು" ಅಂದರು. ಮೊದಲು ದೂರದಿಂದಲೇ ಮೀಟರಿನಲ್ಲಿ ಮೂಡುತ್ತಿದ್ದ ಗಾಡಿಯ ಚಿತ್ರ ಈಗ ತೀರ ಹತ್ತಿರ ಹೋದ ಮೇಲೆ ಬರುತ್ತಿತ್ತಂತೆ.

"ಕಾಕಾ, ಒಮ್ಮೆ ಇಲ್ಲಿ ಕೇಳ್ರಿ" ಅಂತ ಬಂಪರ್ ಮೇಲೆ ಉಗುರಿನಿಂದ ತಟ್ಟುತ್ತಾ ಹೋದೆ. ಉಳಿದ ಕಡೆ ಟಕ್ ಟಕ್ ಅಂತ ತೆಳು ಸದ್ದು. ರೇಡಾರಿನ ಮುಂದೆ ಬಂದಾಗ ಸದ್ದು ಮಂದವಾಯಿತು. ಸೀಳಿದ ಜಾಗಕ್ಕೆ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿ, ಮೇಲೆ ಪುಟ್ಟಿ ಮೆತ್ತಿ, ಅದರ ಮೇಲೆ ಹೊಳೆಯುವ ಬೆಳ್ಳಿ ಬಣ್ಣ ಹೊಡೆದಿದ್ದರು. ಈ ರೇಡಾರ್‌ಗಳು 77 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಅಲೆಯ ಉದ್ದ 4 ಮಿಲಿಮೀಟರಿಗಿಂತ ತುಸು ಕಡಿಮೆ. ಆ ಅಲೆ ಸಲೀಸಾಗಿ ದಾಟಲಿ ಅಂತಲೇ ಕಂಪನಿಯವರು ಬಂಪರಿನ ದಪ್ಪ, ಬಣ್ಣದ ಪದರ ಎಲ್ಲ ಲೆಕ್ಕ ಹಾಕಿರುತ್ತಾರೆ. ಅಲ್ಲಿ ಒಂದೆರಡು ಮಿಲಿಮೀಟರ್ ಪುಟ್ಟಿ ಬಂದರೂ ಲೆಕ್ಕ ಕೆಡುತ್ತದೆ. ಹೊಳೆಯುವ ಬಣ್ಣದಲ್ಲಿ ಅಲ್ಯೂಮಿನಿಯಂ ಪುಡಿ ಇರುತ್ತದೆ. ಪದರ ಪದರವಾಗಿ ಹೊಡೆದರೆ ಅದೂ ಅಲೆಯನ್ನು ತಡೆಯುತ್ತದೆ. ಬಂಪರ್ ಬಿಚ್ಚಿದರೆ ರೇಡಾರ್ ಕೂರುವ ಬ್ರ್ಯಾಕೆಟ್ ಕೂಡ ತುಸು ಬಾಗಿತ್ತು. ಕಣ್ಣಿಗೆ ಕಾಣುವಷ್ಟಿಲ್ಲ, ಲೆವೆಲ್ ಇಟ್ಟಾಗ ಗುಳ್ಳೆ ಪಕ್ಕಕ್ಕೆ ಹೋಯಿತು. ಹೊಸ ಬಂಪರ್, ಹೊಸ ಬ್ರ್ಯಾಕೆಟ್, ಆಮೇಲೆ ಕ್ಯಾಲಿಬ್ರೇಷನ್. ಒಟ್ಟು ಖರ್ಚು ಎರಡು ಸಲ ಬಿತ್ತು. ಆ ಪೇಂಟರ್ ಕೆಲಸದಲ್ಲಿ ಕೈಚಳಕ ಇತ್ತು. ಹಿಂದೆ ರೇಡಾರ್ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ ಅಷ್ಟೇ.

ಹಾಗಾದರೆ ಯಾವಾಗೆಲ್ಲ ಕ್ಯಾಲಿಬ್ರೇಷನ್ ಮಾಡಿಸಬೇಕು? ಮುಂದಿನ ಗಾಜು ಬದಲಾಯಿಸಿದರೆ ಕ್ಯಾಮೆರಾ. ಬಂಪರ್ ಬಿಚ್ಚಿ ಹಾಕಿದರೆ ಅದರ ಹಿಂದಿನ ರೇಡಾರ್. ಸಸ್ಪೆನ್ಷನ್ ಕೆಲಸ ಆದರೆ, ಗಾಡಿಯ ಎತ್ತರ ಬದಲಾದರೆ, ದೊಡ್ಡ ಟೈರ್ ಹಾಕಿಸಿದರೆ ಕಂಪನಿ ಪುಸ್ತಕ ಏನು ಹೇಳುತ್ತದೆ ಕೇಳಿ. ವೀಲ್ ಅಲೈನ್‌ಮೆಂಟ್ ಬಗ್ಗೆ ಮಾತ್ರ ಬಿಡಿಸಿ ಹೇಳಬೇಕು. ಕಾರು ಯಾವ ಕಡೆ ಸಾಗುತ್ತದೆ ಅನ್ನುವುದನ್ನು ಹಿಂದಿನ ಚಕ್ರಗಳ ದಿಕ್ಕು ನಿರ್ಧರಿಸುತ್ತದೆ. ಅದು ಬದಲಾದರೆ, ಸೆನ್ಸರ್ ಇದ್ದ ಜಾಗದಲ್ಲೇ ಇದ್ದರೂ, ಕಾರು ಸಾಗುವ ಗೆರೆಗೂ ಸೆನ್ಸರ್ ನೋಡುವ ಗೆರೆಗೂ ತಾಳೆ ತಪ್ಪುತ್ತದೆ. ಅದಕ್ಕೇ ಅಲೈನ್‌ಮೆಂಟ್ ಮೊದಲು, ಕ್ಯಾಲಿಬ್ರೇಷನ್ ಆಮೇಲೆ. ಉಲ್ಟಾ ಮಾಡಿದರೆ ದುಡ್ಡು ದಂಡ.

ಕ್ಯಾಲಿಬ್ರೇಷನ್ ಅಂದರೆ ಲ್ಯಾಪ್‌ಟಾಪ್ ಚುಚ್ಚಿ ಬಟನ್ ಒತ್ತುವುದು ಅಂತ ತುಂಬ ಜನ ತಿಳಿದಿದ್ದಾರೆ. ಬಟನ್ ಒತ್ತಿದ ಮೇಲಿನ ಕೆಲಸ ಕೆಲವೇ ನಿಮಿಷ. ಹೊತ್ತು ಹಿಡಿಯುವುದು ಅದಕ್ಕೆ ಮುಂಚಿನ ತಯಾರಿ. ನೆಲ ಮಟ್ಟವಾಗಿರಬೇಕು. ನಾಲ್ಕೂ ಟೈರಿನ ಗಾಳಿ ಸರಿ ಇರಬೇಕು. ಡಿಕ್ಕಿ ಖಾಲಿ ಮಾಡುತ್ತೇವೆ. ಊರಿಂದ ತಂದ ಜೋಳದ ಚೀಲ ಹಿಂದೆ ಇದ್ದರೆ ಗಾಡಿಯ ಬಾಲ ಇಳಿದು ಮೂತಿ ಏಳುತ್ತದೆ, ಕ್ಯಾಮೆರಾ ಮೇಲಕ್ಕೆ ನೋಡುತ್ತದೆ. ಆಮೇಲೆ ತೂಕದ ಗುಂಡು ಇಳಿಬಿಟ್ಟು, ದಾರ ಎಳೆದು, ಸೀಮೆಸುಣ್ಣದಲ್ಲಿ ಗಾಡಿಯ ನಡುಗೆರೆ ಗುರುತು ಮಾಡುತ್ತೇವೆ. ಚಕ್ರಕ್ಕೆ ಕ್ಲಾಂಪ್ ಹಾಕಿ ಲೇಸರ್‌ನಿಂದ ಅಳೆಯುವ ಸಲಕರಣೆಯೂ ಇದೆ. ಕ್ಯಾಮೆರಾಗೆ ಕಪ್ಪು-ಬಿಳಿ ಚೌಕದ ಬೋರ್ಡು, ರೇಡಾರಿಗೆ ಮೂರು ಮೂಲೆಯ ಲೋಹದ ತುಂಡು, ಇವನ್ನು ಗುರಿಯಾಗಿ ಗಾಡಿಯ ಮುಂದೆ ಇಡುತ್ತೇವೆ. ಎಷ್ಟು ದೂರ, ಎಷ್ಟು ಎತ್ತರ ಅನ್ನುವುದು ಒಂದೊಂದು ಮಾಡೆಲ್‌ಗೂ ಬೇರೆ. ಬೋರ್ಡಿನ ಮೇಲೆ ಬಿಸಿಲಿನ ಪಟ್ಟೆ ಬೀಳಬಾರದು. ಹಿಂದೆ ಕಬ್ಬಿಣದ ಬೀರು ಇರಬಾರದು, ರೇಡಾರ್ ಅದನ್ನೇ ಹಿಡಿದುಬಿಡುತ್ತದೆ.

ಕೆಲವು ಮಾಡೆಲ್‌ಗಳಿಗೆ ರಸ್ತೆಯ ಮೇಲೂ ಓಡಿಸಬೇಕು. ಸ್ಕ್ಯಾನರ್ ಜೋಡಿಸಿಕೊಂಡು, ಹೇಳಿದಷ್ಟೇ ವೇಗದಲ್ಲಿ, ಬಿಳಿ ಗೆರೆ ಸ್ಪಷ್ಟವಾಗಿರುವ ರಸ್ತೆಯಲ್ಲಿ. ನಮಗೆ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಹತ್ತಿರವೇ ಇರುವುದು ದೊಡ್ಡ ಅನುಕೂಲ. ಮಳೆಗಾಲದಲ್ಲಿ ಲೋಣಾವಳಾ ಕಡೆ ಮಂಜು ಕವಿದರೆ ಕ್ಯಾಮೆರಾಗೆ ಗೆರೆ ಕಾಣುವುದಿಲ್ಲ, ಇನ್ನೊಂದು ದಿನ ಹೋಗಬೇಕು. ಹಾಗಾಗಿ ಜುಲೈನಲ್ಲಿ ಗಾಡಿ ಎರಡು ದಿನ ತಡವಾದರೆ ವರ್ಕ್‌ಶಾಪಿನವರ ಮೇಲೆ ಸಿಟ್ಟಾಗಬೇಡಿ.

ಮನೆಯಲ್ಲಿ ನೀವು ಮಾಡುವುದು ಸುಲಭ. ಕ್ಯಾಮೆರಾ ಮುಂದಿನ ಗಾಜು, ರೇಡಾರಿನ ಮುಚ್ಚಳ, ಪಾರ್ಕಿಂಗ್ ಸೆನ್ಸರ್, ಇವನ್ನು ಮೆತ್ತನೆ ಒದ್ದೆ ಬಟ್ಟೆಯಲ್ಲಿ ಒರೆಸಿ. ವಾಟರ್ ಸರ್ವಿಸ್‌ನವರಿಗೆ ಪೈಪನ್ನು ಸೆನ್ಸರ್ ಹತ್ತಿರ ಹಿಡಿಯಬೇಡಿ ಅನ್ನಿ. ವೈಪರ್ ರಬ್ಬರ್ ಸವೆದರೆ ಬದಲಾಯಿಸಿ. ಫಾಸ್ಟ್ಯಾಗ್ ಅಂಟಿಸುವಾಗ ಕ್ಯಾಮೆರಾದ ಕಿಟಕಿ ಬಿಟ್ಟು ಅಂಟಿಸಿ. ದಸರೆಯಲ್ಲಿ ಗಾಡಿ ಪೂಜೆ ಮಾಡುತ್ತೇವೆ ಅಲ್ವಾ, ನಮ್ಮ ಮನೆಯಲ್ಲೂ ಮಾಡುತ್ತೇವೆ. ಕುಂಕುಮ ಬಾನೆಟ್‌ಗೆ ಇಡಿ. ಚೆಂಡುಹೂವಿನ ಹಾರವನ್ನು ರೇಡಾರ್ ಮುಂದೆ ಹಾಗೇ ಬಿಟ್ಟು ಹೆದ್ದಾರಿಗೆ ಹೋಗಬೇಡಿ. ಒದ್ದೆ ಹೂವು ಅಂದರೆ ನೀರು, ಆ ಅಲೆಯನ್ನು ನೀರು ಚೆನ್ನಾಗಿ ಹೀರಿಕೊಳ್ಳುತ್ತದೆ. ಕಬ್ಬಿಣದ ಕ್ರ್ಯಾಶ್ ಗಾರ್ಡ್ ಅಂತೂ ಬೇಡವೇ ಬೇಡ. ಅದರ ವಿರುದ್ಧ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ರೇಡಾರ್ ಇರುವ ಗಾಡಿಗೆ ಅದರ ಕಾಟ ಇನ್ನೂ ಜಾಸ್ತಿ.

ಇನ್ಶೂರೆನ್ಸ್‌ನಲ್ಲಿ ಗಾಜು ಅಥವಾ ಬಂಪರ್ ಹಾಕಿಸುವಾಗ ಒಂದು ಮಾತು ಮೊದಲೇ ಆಡಿ. ಎಸ್ಟಿಮೇಟ್‌ನಲ್ಲಿ ಕ್ಯಾಲಿಬ್ರೇಷನ್ ಖರ್ಚು ಬರೆದಿದ್ದಾರಾ ನೋಡಿ, ಸರ್ವೇಯರ್ ಹತ್ತಿರ ಕೇಳಿ. ಗಾಡಿ ಬಿಡಿಸಿಕೊಳ್ಳುವಾಗ ಕೆಲಸಕ್ಕೆ ಮುಂಚಿನ ಸ್ಕ್ಯಾನ್ ರಿಪೋರ್ಟ್, ಆಮೇಲಿನ ರಿಪೋರ್ಟ್, ಎರಡನ್ನೂ ತಾರೀಖಿನ ಸಮೇತ ಇಸ್ಕೊಳ್ಳಿ. "ಮಾಡಿದ್ದೀವಿ ಸರ್" ಅನ್ನುವ ಬಾಯಿಮಾತಿಗೆ ಒಪ್ಪಬೇಡಿ. ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವವರೂ ಈ ಕಾಗದ ಕೇಳಿ.

ಕ್ಯಾಲಿಬ್ರೇಷನ್‌ಗೆ ದಿನ ಸಿಕ್ಕಿಲ್ಲ, ಊರಿಗೆ ಮಾತ್ರ ಹೋಗಲೇಬೇಕು ಅನ್ನುವ ಹೊತ್ತು ಬರುತ್ತದೆ. ಆಗ ತಾನೇ ವೇಗ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಮುಟ್ಟಬೇಡಿ. ಲೇನ್ ಅಸಿಸ್ಟ್, ತಾನೇ ಬ್ರೇಕ್ ಹಾಕುವ ಸೌಲಭ್ಯ, ಇವನ್ನು ಏನು ಮಾಡಬೇಕು ಅಂತ ನಿಮ್ಮ ಸರ್ವಿಸ್ ಅಡ್ವೈಸರ್‌ನ್ನು ಕೇಳಿಕೊಂಡು ಹೊರಡಿ. ಮೊದಲಿನ ಕಾರು ಓಡಿಸಿದ ಹಾಗೆ ಎಲ್ಲವನ್ನೂ ನೀವೇ ನೋಡಿಕೊಂಡು ಓಡಿಸಿ. ವಾಪಸು ಬಂದ ವಾರದಲ್ಲೇ ಆ ಕೆಲಸ ಮುಗಿಸಿ.

ಕೇಳಿದ್ದಕ್ಕೆ ಧನ್ಯವಾದ. ನಮಸ್ಕಾರ.