ಒಬ್ಬನೇ ವಾರಸುದಾರ, ಎರಡು ಸಿಂಹಾಸನ

ಕೇಳುಗರಿಗೆ ನಮಸ್ಕಾರ. ರುಪ್ರೆಕ್ಟ್ ಜರ್ಮನಿಯ ಬವೇರಿಯದ ರಾಜಕುಮಾರ, 1869ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದವನು. ತಂದೆ ಮೂರನೇ ಲುಡ್ವಿಗ್ ಅಲ್ಲಿನ ಕೊನೆಯ ದೊರೆ; 1918ರ ಕ್ರಾಂತಿಯಲ್ಲಿ ಪಟ್ಟ ಹೋಯಿತು. ಹಿಂದೆ ಬ್ರಿಟನ್ ಆಳಿ ಪಟ್ಟ ಕಳೆದುಕೊಂಡ ಸ್ಟುವರ್ಟ್ ವಂಶದ ಪಕ್ಷ ಹಿಡಿದ ಜಾಕೊಬೈಟರು ಇದೇ ರುಪ್ರೆಕ್ಟನನ್ನು ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಿಗೂ ರಾಜನೆಂದು ಎಣಿಸಿದರು. ಬವೇರಿಯ ಬಂದದ್ದು ತಂದೆಯ ಕಡೆಯಿಂದ, ಬ್ರಿಟನ್ ತಾಯಿಯ ಕಡೆಯಿಂದ. ಇಷ್ಟು ನೆನಪಿಡಿ, ಸಾಕು.

ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ. ಕಾಗದದ ಮೇಲ್ತುದಿಯಲ್ಲಿ ಮೊದಲನೇ ಚಾರ್ಲ್ಸ್ ಎಂದು ಬರೆಯಿರಿ, 1649ರಲ್ಲಿ ಶಿರಚ್ಛೇದವಾದ ಸ್ಟುವರ್ಟ್ ದೊರೆ. ಅವನ ಮಗ ಎರಡನೇ ಜೇಮ್ಸ್ ಪ್ರಾಟೆಸ್ಟೆಂಟ್ ನಾಡಿನಲ್ಲಿ ಕ್ಯಾಥೊಲಿಕ್ ದೊರೆ. 1688ರಲ್ಲಿ ದೇಶ ಬಿಟ್ಟ. 1701ರ ಕಾಯ್ದೆ ಕ್ಯಾಥೊಲಿಕರಿಗೆ ಪಟ್ಟದ ಬಾಗಿಲು ಮುಚ್ಚಿತು. ಜಾಕೊಬೈಟರು ಅದನ್ನು ಒಪ್ಪಲೇ ಇಲ್ಲ. ಜೇಮ್ಸನ ಕವಲು 1807ರಲ್ಲಿ, ಮೊಮ್ಮಗ ಕಾರ್ಡಿನಲ್ ಹೆನ್ರಿಯೊಂದಿಗೆ ನಿಂತಿತು. ಈಗ ಪೆನ್ಸಿಲ್ ಮತ್ತೆ ಮೇಲಕ್ಕೆ ಹೋಗಲಿ, ಚಾರ್ಲ್ಸನ ಮಗಳು ಹೆನ್ರಿಯೆಟಾಳ ಹತ್ತಿರ. ಎಲ್ಲರೂ ಎಡವುವುದು ಇಲ್ಲೇ: ಗಂಡುಮಕ್ಕಳಿಲ್ಲದಿದ್ದರೆ ಹೆಣ್ಣುಮಗಳಿಗೆ ಹಕ್ಕು, ಇದು ಬ್ರಿಟನ್ನಿನ ಹಳೆಯ ಪದ್ಧತಿ. ಬವೇರಿಯದಲ್ಲಿ ವಂಶದಲ್ಲಿ ಗಂಡಸರಿರುವ ತನಕ ಗಂಡಿಗೆ ಮಾತ್ರ.

ಹೆನ್ರಿಯೆಟಾಳ ಸಂತತಿ ಇಟಲಿಯ ಸವಾಯ್ ಮನೆತನ. ಅಲ್ಲಿನ ವಿಕ್ಟರ್ ಇಮ್ಯಾನುಯೆಲನ ಹಿರಿಮಗಳು ಮರಿಯಾ ಬಿಯಾಟ್ರಿಸ್ 1812ರಲ್ಲಿ ಇಟಲಿಯದೇ ಮೊಡೆನಾ ಸಂಸ್ಥಾನದ ನಾಲ್ಕನೇ ಫ್ರಾನ್ಸಿಸ್‌ನನ್ನು ಮದುವೆಯಾದಳು. ಆತ ಯಾರು ಗೊತ್ತೇ? ಅವಳ ತಾಯಿಯ ಒಡಹುಟ್ಟಿದ ತಮ್ಮ, ಖಾಸಾ ಸೋದರಮಾವ! ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮಲ್ಲಿ ಎಷ್ಟೋ ಮನೆಗಳ ವಾಡಿಕೆ. ಅಲ್ಲಿ ಅದಕ್ಕೆ ಪೋಪರ ವಿಶೇಷ ಅನುಮತಿ ಬೇಕಾಯಿತು. ಇಂಗ್ಲೆಂಡಿನ ಚರ್ಚು ಮದುವೆಯಾಗಬಾರದ ಸಂಬಂಧಗಳ ಪಟ್ಟಿಯಲ್ಲಿ ಸೋದರಿಯ ಮಗಳನ್ನು ಹೆಸರಿಸಿಯೇ ಸೇರಿಸಿದೆ. ಹಾಗಾದರೆ ಈ ದಂಪತಿಯ ಮಕ್ಕಳಿಗೆ ಬ್ರಿಟನ್ನಿನ ಹಕ್ಕು ಇಳಿಯುತ್ತದೆಯೇ ಎಂಬ ತಕರಾರು ಎದ್ದಿತು. ಮದುವೆ ನಡೆದ ನೆಲದಲ್ಲಿ ಅದು ಸಿಂಧು, ಆದ್ದರಿಂದ ಮಕ್ಕಳೂ ಔರಸರು ಎಂಬುದು ಜಾಕೊಬೈಟರ ಉತ್ತರ. ನನಗೂ ಅದೇ ಸರಿ ಎನಿಸುತ್ತದೆ.

ಆ ದಂಪತಿಯ ಮೊಮ್ಮಗಳು ಮರಿಯಾ ತೆರೇಸಾ, ರುಪ್ರೆಕ್ಟನ ತಾಯಿ. ಮತ್ತೆ ಹೇಳುತ್ತೇನೆ, ತಾಯಿ! 1919ರಲ್ಲಿ ಅವಳು ತೀರಿಕೊಂಡಾಗ ಬ್ರಿಟನ್ನಿನ ಹಕ್ಕು, 1921ರಲ್ಲಿ ತಂದೆ ತೀರಿಕೊಂಡಾಗ ಬವೇರಿಯದ ಹಕ್ಕು ಅವನ ಪಾಲಿಗೆ ಬಂದವು. ಅಷ್ಟರಲ್ಲಿ ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನಾಪತಿಯಾಗಿ ಬ್ರಿಟಿಷರ ವಿರುದ್ಧವೇ ಕಾದಾಡಿದ್ದ. ಬ್ರಿಟನ್ನಿನ ಪಟ್ಟವನ್ನು ಆತ ಕೇಳಲಿಲ್ಲ. ಹಿಟ್ಲರನ ವಿರೋಧಿಯಾಗಿ ಇಟಲಿಗೆ ಹೋದ, 1955ರಲ್ಲಿ ತೀರಿಕೊಂಡ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಇಂದು ಎರಡೂ ಹಕ್ಕು ರುಪ್ರೆಕ್ಟನ ಮೊಮ್ಮಗ ಫ್ರಾಂಟ್ಸ್ ಅವರಲ್ಲಿವೆ. ಅವರ ತಮ್ಮ ಮ್ಯಾಕ್ಸ್‌ಗೆ ಐವರೂ ಹೆಣ್ಣುಮಕ್ಕಳು. ಹಾಗಾಗಿ ಮುಂದೆ ಬವೇರಿಯ ಬೇರೆ ಕವಲಿನ ಗಂಡಸಿಗೆ ಹೋಗುತ್ತದೆ. ಬ್ರಿಟನ್ ಹಿರಿಮಗಳು ಸೋಫಿಗೆ, ಆಮೇಲೆ ಅವರ ಮಗ ಜೋಸೆಫ್ ವೆನ್ಸೆಲ್‌ಗೆ. ಆತ 1995ರಲ್ಲಿ ಹುಟ್ಟಿದ್ದು ಲಂಡನ್ನಿನಲ್ಲಿ.