ಹಲ್ಲಿನ ಕ್ಯಾಪ್: ಯಾವ ಹಲ್ಲಿಗೆ ಯಾವ ಸೆರಾಮಿಕ್?

ಕೇಳುಗರೆಲ್ಲರಿಗೂ ನಮಸ್ಕಾರ.

ರೂಟ್ ಕೆನಾಲ್ ಮುಗಿದಿರುತ್ತದೆ. ನೋವು ಹೋಗಿದೆ, ಊಟ ಸೇರುತ್ತಿದೆ. ಆಗ ಡಾಕ್ಟರು "ಇದಕ್ಕೊಂದು ಕ್ಯಾಪ್ ಹಾಕಿಸಿಕೊಳ್ಳಬೇಕು" ಅನ್ನುತ್ತಾರೆ. ಹೊರಗೆ ಬಂದರೆ ಒಂದು ದರಪಟ್ಟಿ ಕೈಗೆ ಸಿಗುತ್ತದೆ. ಮೆಟಲ್, ಮೆಟಲ್ ಸೆರಾಮಿಕ್, ಇ-ಮ್ಯಾಕ್ಸ್, ಝಿರ್ಕೋನಿಯಾ. ಝಿರ್ಕೋನಿಯಾದಲ್ಲೇ ಮೂರು ನಾಲ್ಕು ದರ. ಒಂದಕ್ಕೆ ಐದು ವರ್ಷ ಗ್ಯಾರಂಟಿ, ಇನ್ನೊಂದಕ್ಕೆ ಹತ್ತು, ಮತ್ತೊಂದಕ್ಕೆ ಹದಿನೈದು. ಹಲ್ಲಿನ ಡಾಕ್ಟರಾಗಿ ನಾನು ದಿನಾ ಕೇಳಿಸಿಕೊಳ್ಳುವ ಪ್ರಶ್ನೆ ಇದು: "ಡಾಕ್ಟ್ರೇ, ಇದರಲ್ಲಿ ಯಾವುದು ಗಟ್ಟಿ?"

ದುಡ್ಡು ಕೊಡುವವರು ಕೇಳಲೇಬೇಕಾದ ಪ್ರಶ್ನೆಯೇ. ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದದ್ದು ಬೇರೆ ಇದೆ. ಹಲ್ಲು ಬಾಯಲ್ಲಿ ಎಲ್ಲಿದೆ? ಎಷ್ಟು ಉಳಿದಿದೆ? ಒಳಗಿನ ಬಣ್ಣ ಹೇಗಿದೆ? ಎದುರಿನ ಹಲ್ಲು ಎಂಥದ್ದು? ಇಷ್ಟಕ್ಕೆ ಉತ್ತರ ಸಿಕ್ಕರೆ ವಸ್ತು ತಾನಾಗಿ ಗೊತ್ತಾಗುತ್ತದೆ. ದರಪಟ್ಟಿಯ ಮೇಲಿನ ಸಾಲಿನಲ್ಲಿ ಇರುವುದೇ ನಿಮ್ಮ ಹಲ್ಲಿಗೆ ಒಳ್ಳೆಯದು ಅಂತ ಏನೂ ಇಲ್ಲ.

ಸೆರಾಮಿಕ್ ಅಂದರೆ ಒಂದೇ ವಸ್ತು ಅಲ್ಲ. ಕೆಲವದರಲ್ಲಿ ಗಾಜಿನ ಅಂಶ ಜಾಸ್ತಿ. ಬೆಳಕು ಒಳಗೆ ಹೋಗುತ್ತದೆ, ಸ್ವಲ್ಪ ಚದುರಿ ಹೊರಗೆ ಬರುತ್ತದೆ. ನಿಜವಾದ ಹಲ್ಲಿಗೆ ಜೀವಕಳೆ ಬರುವುದು ಹೀಗೆಯೇ. ಆದರೆ ಗಾಜು ಬೇಗ ಬಿರುಕು ಬಿಡುತ್ತದೆ. ಅದಕ್ಕೇ ಒಳಗೆ ಹರಳುಗಳನ್ನು ತುಂಬಿ ಬಲ ಕೊಡುತ್ತಾರೆ. ಹರಳು ಹೆಚ್ಚಿದಷ್ಟೂ ಬಲ ಹೆಚ್ಚು. ಸಾಮಾನ್ಯವಾಗಿ ಆ ಜೀವಕಳೆ ಅಷ್ಟೇ ಕಡಿಮೆಯಾಗುತ್ತದೆ.

ಅಮೆರಿಕದ ಡೆಟ್ರಾಯಿಟ್‌ನಲ್ಲಿ ಚಾರ್ಲ್ಸ್ ಲ್ಯಾಂಡ್ ಎಂಬ ದಂತವೈದ್ಯರು 1903ರ ಹೊತ್ತಿಗೆ ಪೂರ್ತಿ ಪಿಂಗಾಣಿಯ ಕ್ಯಾಪ್ ಬಳಕೆಗೆ ತಂದರು. ನೋಡಲು ಚೆನ್ನಾಗಿತ್ತು, ಆದರೆ ಒಡೆಯುತ್ತಿತ್ತು. 1960ರ ದಶಕದಲ್ಲಿ ಒಳಗೆ ಲೋಹದ ತೆಳು ಟೊಪ್ಪಿ, ಮೇಲೆ ಪಿಂಗಾಣಿ ಸುಟ್ಟು ಕೂರಿಸುವ ವಿಧಾನ ಬಂತು. ಬಿಸಿ ಆರುವಾಗ ಲೋಹ ಮತ್ತು ಪಿಂಗಾಣಿ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ಇಲ್ಲದಿದ್ದರೆ ಪಿಂಗಾಣಿ ಸಿಡಿದು ಹೋಗುತ್ತದೆ. ಲ್ಯೂಸೈಟ್ ಎಂಬ ಹರಳನ್ನು ಸೇರಿಸಿ ಅದನ್ನು ಸರಿಹೊಂದಿಸಿದರು. ನಮ್ಮೂರುಗಳಲ್ಲಿ ದಶಕಗಳ ಕಾಲ "ಸೆರಾಮಿಕ್ ಕ್ಯಾಪ್" ಅಂದರೆ ಇದೇ. ಇವತ್ತಿಗೂ ನಂಬಬಹುದಾದ ಕ್ಯಾಪ್. ತೊಂದರೆ ಎರಡು. ಲೋಹದ ಬಣ್ಣ ಮುಚ್ಚಲು ದಟ್ಟ ಬಿಳಿ ಪದರ ಹಚ್ಚಬೇಕಾಗುತ್ತದೆ, ಹಾಗಾಗಿ ಮುಂದಿನ ಹಲ್ಲಿನಲ್ಲಿ ಸಪ್ಪೆಯಾಗಿ ಕಾಣಬಹುದು. ವಯಸ್ಸಾದಂತೆ ಒಸಡು ಸ್ವಲ್ಪ ಕೆಳಗಿಳಿದರೆ ಬುಡದಲ್ಲಿ ಕಪ್ಪು ಗೆರೆ ಇಣುಕುತ್ತದೆ. ಅಗ್ಗದ ಲೋಹದಲ್ಲಿ ನಿಕಲ್ ಇರುವುದರಿಂದ, ಒಡವೆ ಅಥವಾ ವಾಚಿನ ಬಕಲ್ ತಾಗಿ ಚರ್ಮದಲ್ಲಿ ಕೆರೆತ ಏಳುವವರು ಡಾಕ್ಟರಿಗೆ ಮೊದಲೇ ಹೇಳಬೇಕು.

ಈಗ ಇ-ಮ್ಯಾಕ್ಸ್ ಅಂತ ಕರೆಯುವುದಕ್ಕೆ ಬರೋಣ. ಅದು ಒಂದು ಕಂಪನಿ ಇಟ್ಟ ಬ್ರಾಂಡ್ ಹೆಸರು. ವಸ್ತು ಲಿಥಿಯಂ ಡೈಸಿಲಿಕೇಟ್. ಸೂಜಿಯಂಥ ಸಣ್ಣ ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಗಾಜಿನೊಳಗೆ ಕೂತಿರುತ್ತವೆ. ಕಂಪ್ಯೂಟರ್ ಯಂತ್ರದಲ್ಲಿ ಇದನ್ನು ಕೊರೆಯುವುದನ್ನು ಒಮ್ಮೆ ನೋಡಬೇಕು. ಯಂತ್ರಕ್ಕೆ ಹಾಕುವ ತುಂಡು ನೇರಳೆ ಕಲೆತ ನೀಲಿ ಬಣ್ಣದ್ದು. ಕೊರೆದು ಬಂದ ಹಲ್ಲೂ ನೀಲಿಯೇ. "ಇದನ್ನೇ ಹಾಕ್ತೀರಾ?" ಅಂತ ಗಾಬರಿಯಾದವರಿದ್ದಾರೆ. ಆಮೇಲೆ ಅದು ಪುಟ್ಟ ಒಲೆಗೆ ಹೋಗುತ್ತದೆ. ಸುಮಾರು 850 ಡಿಗ್ರಿಯಲ್ಲಿ ಒಳಗಿನ ಹರಳುಗಳೇ ಬದಲಾಗುತ್ತವೆ. ಹೊರಗೆ ಬರುವಾಗ ಹಲ್ಲಿನ ಬಣ್ಣ ಬಂದಿರುತ್ತದೆ, ಬಲವೂ ಬಂದಿರುತ್ತದೆ.

ಆ ಬಲ ಎಷ್ಟು? ಹಳೆಯ ಪಿಂಗಾಣಿ ಸುಮಾರು 100 ಮೆಗಾಪ್ಯಾಸ್ಕಲ್ ಒತ್ತಡಕ್ಕೆ ಮುರಿದರೆ, ಇದು ಸುಮಾರು 400 ತಡೆಯುತ್ತದೆ. ಗಟ್ಟಿ ಝಿರ್ಕೋನಿಯಾ 1000 ದಾಟುತ್ತದೆ. ಈ ಅಂಕಿಗಳನ್ನು ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಆದರೆ ಅವು ಲ್ಯಾಬಿನಲ್ಲಿ ಒಂದು ಪುಟ್ಟ ಪಟ್ಟಿಯನ್ನೋ ಬಿಲ್ಲೆಯನ್ನೋ ಮುರಿದು ಅಳೆದವು. ಬಾಯಲ್ಲಿ ಕ್ಯಾಪ್ ಒಂಟಿಯಾಗಿ ಇರುವುದಿಲ್ಲ, ಹಲ್ಲಿಗೆ ಅಂಟಿಕೊಂಡಿರುತ್ತದೆ. ಮನೆಗೆ ಹಾಕಿಸಿದ ಟೈಲ್ಸ್ ನೆನಪಿಸಿಕೊಳ್ಳಿ. ಕೆಳಗೆ ಪೊಳ್ಳು ಬಿಟ್ಟಿದ್ದರೆ ಲಟ್ಟಣಿಗೆ ಬಿದ್ದರೂ ಒಡೆಯುತ್ತದೆ. ಪೂರ್ತಿ ಸಿಮೆಂಟ್ ಕೂತಿದ್ದರೆ ಅದೇ ಟೈಲ್ಸ್ ಮೇಲೆ ಗ್ಯಾಸ್ ಸಿಲಿಂಡರ್ ಇಟ್ಟರೂ ಏನೂ ಆಗುವುದಿಲ್ಲ, ಅಲ್ವಾ?

ಲಿಥಿಯಂ ಡೈಸಿಲಿಕೇಟಿನ ದೊಡ್ಡ ಗುಣ ಇರುವುದು ಇಲ್ಲೇ. ಕ್ಯಾಪಿನ ಒಳಮೈಗೆ ಹೈಡ್ರೋಫ್ಲೋರಿಕ್ ಆಮ್ಲವನ್ನು ಇಪ್ಪತ್ತು ಸೆಕೆಂಡ್ ಹಚ್ಚಿದರೆ ಸಾಕು, ಗಾಜು ಕರಗಿ ಸೂಜಿ ಹರಳುಗಳ ನಡುವೆ ಸಣ್ಣ ಸಣ್ಣ ಸಂದುಗಳು ತೆರೆದುಕೊಳ್ಳುತ್ತವೆ. ಸೈಲೇನ್ ಎಂಬ ದ್ರವ ಹಚ್ಚಿ ರೆಸಿನ್ ಅಂಟಿನಲ್ಲಿ ಕೂರಿಸಿದರೆ ಆ ಸಂದುಗಳಿಗೆ ಅಂಟು ಇಳಿದು ಹಿಡಿದುಕೊಳ್ಳುತ್ತದೆ. ಆಗ 400ರ ವಸ್ತುವೂ ಬಾಯಲ್ಲಿ ಚೆನ್ನಾಗಿ ತಡೆಯುತ್ತದೆ. ಒಂದೇ ಷರತ್ತು: ಅಂಟಿಸುವಾಗ ಹಲ್ಲು ಒಣಗಿರಬೇಕು. ಜೊಲ್ಲು, ರಕ್ತ ಒಂದು ತೊಟ್ಟೂ ತಾಗಬಾರದು. ಮುಂದಿನ ಹಲ್ಲಿನಲ್ಲಿ ಇದು ಕಷ್ಟವಲ್ಲ. ಕಟ್ಟಕಡೆಯ ದವಡೆ ಹಲ್ಲಿನಲ್ಲಿ, ಅದೂ ಅರ್ಧ ಒಸಡಿನೊಳಗೆ ಹುದುಗಿದ್ದರೆ, ಬಹಳ ಕಷ್ಟ. ಅಂಥ ಕಡೆ ಇದನ್ನು ಹಾಕಿ ಅಂತ ಯಾರೇ ಕೇಳಿದರೂ ನಾನು ಒಪ್ಪುವುದಿಲ್ಲ.

ಝಿರ್ಕೋನಿಯಾದ ಕಥೆ ಬೇರೆ. ಇದು ಝಿರ್ಕೋನಿಯಂ ಎಂಬ ಲೋಹದ ಆಕ್ಸೈಡ್, ಇದರಲ್ಲಿ ಗಾಜಿಲ್ಲ. ಝಿರ್ಕೋನಿಯಂ ಸಿಗುವ ಝಿರ್ಕಾನ್ ಖನಿಜ ನಮ್ಮ ಪಕ್ಕದ ಕೇರಳದ ಚವರ ಕಡಲ ಮರಳಿನಲ್ಲೂ ಇದೆ. ಈ ಸೆರಾಮಿಕ್ ಮುರಿಯದಂತೆ ತಡೆಯುವ ವಿದ್ಯೆ ನನಗೆ ಇವತ್ತಿಗೂ ಅಚ್ಚರಿ. ಬಿರುಕು ಒಂದು ಶುರುವಾಯಿತು ಅಂದುಕೊಳ್ಳಿ. ಅದರ ತುದಿ ತಾಗಿದ ಕಡೆ ಹರಳುಗಳು ಆಕಾರ ಬದಲಿಸಿ ಸುಮಾರು ನೂರಕ್ಕೆ ನಾಲ್ಕರಷ್ಟು ಉಬ್ಬುತ್ತವೆ. ಉಬ್ಬಿದ ಹರಳುಗಳು ಬಿರುಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುತ್ತವೆ. ಬಿರುಕು ಮುಂದಕ್ಕೆ ಹೋಗಲು ಒದ್ದಾಡುತ್ತದೆ.

ಈ ಗುಣ ಉಳಿಯುವಂತೆ ಯಿಟ್ರಿಯಾ ಎಂಬ ಇನ್ನೊಂದು ಆಕ್ಸೈಡನ್ನು ಬೆರೆಸುತ್ತಾರೆ. ದರಪಟ್ಟಿಯಲ್ಲಿ ಝಿರ್ಕೋನಿಯಾಕ್ಕೆ ನಾಲ್ಕು ದರ ಇರುವುದಕ್ಕೆ ಇದೂ ಒಂದು ಕಾರಣ. ಯಿಟ್ರಿಯಾ ಸುಮಾರು ನೂರಕ್ಕೆ ಮೂರರಷ್ಟಿದ್ದರೆ ಕ್ಯಾಪ್ ಬಹಳ ಗಟ್ಟಿ, ಆದರೆ ದಟ್ಟ ಬಿಳಿ, ಬೆಳಕು ಅಷ್ಟಾಗಿ ಹಾಯುವುದಿಲ್ಲ. ಐದರಷ್ಟು ಮಾಡಿದರೆ ಬೆಳಕು ಹಾಯುತ್ತದೆ, ನೋಡಲು ಹಲ್ಲಿನ ಹಾಗೇ ಇರುತ್ತದೆ. ಆದರೆ ಆಗ ಆಕಾರ ಬದಲಿಸದ ಹರಳುಗಳು ಜಾಸ್ತಿಯಾಗುತ್ತವೆ, ಬಿರುಕು ತಡೆಯುವ ವಿದ್ಯೆ ಬಹುಪಾಲು ಹೋಗಿಬಿಡುತ್ತದೆ. ಬಲ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. "ಝಿರ್ಕೋನಿಯಾ ಹಾಕಿಸಿದ್ದೇನೆ, ಕಲ್ಲು ಕಡಿದರೂ ಏನೂ ಆಗಲ್ಲ" ಅನ್ನುವವರ ಬಾಯಲ್ಲಿ ಯಾವ ಝಿರ್ಕೋನಿಯಾ ಇದೆ ಅನ್ನುವುದು ಮುಖ್ಯ. ದವಡೆಗೆ ಹಾಕಿಸುವಾಗ "ಇದು ಮೂರರದ್ದೋ ಐದರದ್ದೋ" ಅಂತ ಸಂಕೋಚಪಡದೆ ಕೇಳಿ. ನಡುವೆ ನಾಲ್ಕರದ್ದೂ ಇದೆ. ಕೇಳಿದರೆ ಯಾವ ಡಾಕ್ಟರೂ ಬೇಸರ ಮಾಡಿಕೊಳ್ಳಬಾರದು.

ಝಿರ್ಕೋನಿಯಾ ಮಾಡುವುದರಲ್ಲಿ ಇನ್ನೊಂದು ಸೂಕ್ಷ್ಮ. ಮೆತ್ತಗಿರುವ ಬಿಲ್ಲೆಯಲ್ಲಿ ಕ್ಯಾಪನ್ನು ಐದನೇ ಒಂದು ಭಾಗಕ್ಕೂ ಹೆಚ್ಚು ದೊಡ್ಡದಾಗಿ ಕೊರೆದು, ಸುಮಾರು 1500 ಡಿಗ್ರಿಯಲ್ಲಿ ಗಂಟೆಗಟ್ಟಲೆ ಸುಡುತ್ತಾರೆ. ಅದು ಕುಗ್ಗಿ ಸರಿಯಾದ ಅಳತೆಗೆ ಬರುತ್ತದೆ. ಅವಸರದ ಲ್ಯಾಬಿನಲ್ಲಿ ಈ ಲೆಕ್ಕ ತಪ್ಪಿದರೆ ಎಷ್ಟೇ ಗಟ್ಟಿ ವಸ್ತುವಾದರೂ ಅಂಚು ಸರಿಯಾಗಿ ಕೂರುವುದಿಲ್ಲ. ಅಂಚು ಕೂರದ ಕಡೆ ಹುಳುಕು ಶುರು.

"ಝಿರ್ಕೋನಿಯಾ ಎದುರಿನ ಹಲ್ಲನ್ನು ತಿಂದುಹಾಕುತ್ತದೆ" ಅನ್ನುವ ಮಾತೂ ಇದೆ. ಹಲ್ಲು ಸವೆಯುವುದು ಹೆಚ್ಚಾಗಿ ಕ್ಯಾಪಿನ ಒರಟುತನದಿಂದ, ಬರೀ ಗಡಸುತನದಿಂದಲ್ಲ. ಚೆನ್ನಾಗಿ ಪಾಲಿಶ್ ಮಾಡಿದ ಝಿರ್ಕೋನಿಯಾ ಹಳೆಯ ಪಿಂಗಾಣಿಗಿಂತ ಎದುರಿನ ಹಲ್ಲಿಗೆ ಮೃದು. ಕ್ಯಾಪ್ ಕೂರಿಸುವ ದಿನ ಕಚ್ಚಿಸಿ ನೋಡಿ, ಎತ್ತರ ಇದ್ದ ಕಡೆ ಡಾಕ್ಟರು ತೇಯುತ್ತಾರೆ. ತೇಯ್ದ ಜಾಗ ಒರಟಾಗುತ್ತದೆ. ಅಲ್ಲಿ ಮತ್ತೆ ಪಾಲಿಶ್ ಆಗಲೇಬೇಕು. ನಾಲಿಗೆ ಆಡಿಸಿ ನೋಡಿ, ತರಿತರಿ ಅನ್ನಿಸಿದರೆ ಎದ್ದು ಬರಬೇಡಿ, ಹೇಳಿ.

ಹಾಗಾದರೆ ಯಾವುದು ಎಲ್ಲಿ? ನಗುವಾಗ ಕಾಣುವ ಮುಂದಿನ ಹಲ್ಲು, ಒಳಗಿನ ಬಣ್ಣವೂ ಚೆನ್ನಾಗಿದೆ ಅಂದರೆ ನನ್ನ ಆಯ್ಕೆ ಲಿಥಿಯಂ ಡೈಸಿಲಿಕೇಟ್. ಅದೇ ಹಲ್ಲು ಚಿಕ್ಕಂದಿನಲ್ಲಿ ಬಿದ್ದು ಪೆಟ್ಟಾಗಿ ಕಪ್ಪಾಗಿದ್ದರೆ, ಅಥವಾ ಒಳಗೆ ಲೋಹದ ಕಂಬಿ ಇದ್ದರೆ, ಬೆಳಕು ಹಾಯುವ ಕ್ಯಾಪ್ ಆ ಕಪ್ಪನ್ನೂ ಹೊರಗೆ ತೋರಿಸುತ್ತದೆ. ಅಲ್ಲಿ ಒಳಗೆ ದಟ್ಟ ಝಿರ್ಕೋನಿಯಾ, ಮುಂಭಾಗಕ್ಕೆ ಮಾತ್ರ ಪಿಂಗಾಣಿ ಒಳ್ಳೆಯದು. ದವಡೆಗೆ ಪಿಂಗಾಣಿ ಪದರ ಬೇಡ, ಅಗಿಯುವಾಗ ಚಕ್ಕೆ ಏಳುತ್ತದೆ. ಒಂದೇ ವಸ್ತುವಿನ ಇಡೀ ಝಿರ್ಕೋನಿಯಾ ಸಾಕು. ಅದಕ್ಕೆ ದಪ್ಪವೂ ಕಡಿಮೆ ಸಾಕು, ಒಂದು ಮಿಲಿಮೀಟರ್ ಹತ್ತಿರ. ಅಂದರೆ ಹಲ್ಲು ಅಷ್ಟು ಉಳಿಯುತ್ತದೆ. ಬಿದ್ದ ಹಲ್ಲಿನ ಜಾಗ ತುಂಬಲು ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರಿಸುವ, ದವಡೆ ಹಲ್ಲು ಸೇರಿದ ಬ್ರಿಜ್‌ಗೂ ಝಿರ್ಕೋನಿಯಾ ಅಥವಾ ಲೋಹ ಬೇಕು, ಲಿಥಿಯಂ ಡೈಸಿಲಿಕೇಟ್ ಆಗುವುದಿಲ್ಲ.

ನಮ್ಮ ಕಡೆ ಎಲೆ ಅಡಿಕೆ ಹಾಕುವವರು, ನಿದ್ದೆಯಲ್ಲಿ ಹಲ್ಲು ಕಡಿಯುವವರು ಬರುತ್ತಾರೆ. ಹಲ್ಲು ಸವೆದು ಚಪ್ಪಟೆಯಾಗಿರುತ್ತದೆ, ಕ್ಯಾಪಿಗೆ ಜಾಗವೇ ಇರುವುದಿಲ್ಲ. ಅಂಥವರ ಕಡೆಯ ದವಡೆಗೆ ಪೂರ್ತಿ ಲೋಹದ ಕ್ಯಾಪ್ ಹಾಕಿದರೆ ಅದು ಕೀಳು ಆಯ್ಕೆ ಅಲ್ಲವೇ ಅಲ್ಲ. ಕಡಿಮೆ ಖರ್ಚು, ಒಡೆಯುವ ಭಯವಿಲ್ಲ, ಕಾಣುವ ಜಾಗವೂ ಅಲ್ಲ. ಬಡವರಿಗೆ ಕೊಡುವ ಕ್ಯಾಪ್ ಅಂತ ಅದನ್ನು ಕಡೆಗಣಿಸುವುದು ನನಗೆ ಸರಿ ಕಾಣುವುದಿಲ್ಲ. ಹಲ್ಲು ಕಡಿಯುವವರು ಯಾವ ಕ್ಯಾಪ್ ಹಾಕಿಸಿದರೂ ರಾತ್ರಿ ನೈಟ್ ಗಾರ್ಡ್, ಅಂದರೆ ಹಲ್ಲುಗಳ ಮೇಲೆ ಕೂರುವ ಕವಚ, ಹಾಕಿಕೊಳ್ಳಬೇಕು. ಅಡಿಕೆಯ ಮಾತು ಬಂದಾಗ ಕ್ಯಾಪಿನ ವಿಷಯ ಪಕ್ಕಕ್ಕಿಟ್ಟು ಹೇಳುತ್ತೇನೆ: ದಯವಿಟ್ಟು ಬಿಡಿ. ಅಡಿಕೆ ಬಾಯಿಯ ಕ್ಯಾನ್ಸರ್ ತರುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ಶೇಡ್ ನೋಡುವುದು ಹಲ್ಲು ತೇಯುವ ಮುಂಚೆಯೇ, ಹಗಲಿನ ಬೆಳಕಿನಲ್ಲಿ ಆಗಬೇಕು. ಬಾಯಿ ತೆರೆದು ಅರ್ಧ ಗಂಟೆ ಕೂತರೆ ಹಲ್ಲು ಒಣಗಿ ಇರುವುದಕ್ಕಿಂತ ಬಿಳಿಯಾಗಿ ಕಾಣುತ್ತದೆ. ಆಗ ನೋಡಿದ ಶೇಡ್ ತಪ್ಪುತ್ತದೆ. ಲಿಪ್‌ಸ್ಟಿಕ್ ಇದ್ದರೆ ಒರೆಸಿಕೊಳ್ಳಿ. ಕ್ಯಾಪ್ ಮಾಡುವ ಟೆಕ್ನಿಷಿಯನ್ ಎಷ್ಟೋ ಸಲ ಬೇರೆ ಊರಿನಲ್ಲಿರುತ್ತಾರೆ. ಅವರು ನಿಮ್ಮ ಮುಖ ನೋಡಿರುವುದಿಲ್ಲ, ಚೀಟಿಯಲ್ಲಿ ಬರೆದ ಶೇಡ್ ನಂಬರ್ ಮತ್ತು ಒಂದು ಫೋಟೋ ಅಷ್ಟೇ. ಪಾವಗಡ, ಕೋಲಾರದ ಕಡೆ ಫ್ಲೋರೈಡ್ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಪಟ್ಟೆ, ಬಿಳಿ ಮಚ್ಚೆ ಇರುತ್ತವೆ. ಅಂಥ ಹಲ್ಲುಗಳ ಸಾಲಿನಲ್ಲಿ ಒಂದು ಅಚ್ಚ ಬಿಳಿ ಕ್ಯಾಪ್ ಕೂತರೆ ಅದೊಂದೇ ಕಣ್ಣಿಗೆ ಹೊಡೆಯುತ್ತದೆ. ಪಕ್ಕದ ಹಲ್ಲಿನ ಮಚ್ಚೆಯನ್ನೇ ಕ್ಯಾಪಿನ ಮೇಲೂ ತೆಳುವಾಗಿ ಬರೆಯಬಲ್ಲ ಟೆಕ್ನಿಷಿಯನ್ನರಿದ್ದಾರೆ. ಅಂಥ ಕೈಗೆ ನಾನು ತಲೆಬಾಗುತ್ತೇನೆ.

ಇನ್ನು ಗ್ಯಾರಂಟಿ ಕಾರ್ಡ್. ಅದು ಸಾಮಾನ್ಯವಾಗಿ ಕ್ಯಾಪ್ ಒಡೆದರೆ ಬೇರೆ ಮಾಡಿಕೊಡುವ ಭರವಸೆ. ಅಡಿಯಲ್ಲಿರುವ ಹಲ್ಲು ಹುಳುಕಾದರೆ, ಒಸಡು ಹಾಳಾದರೆ ಅದು ಉಪಯೋಗಕ್ಕೆ ಬರುವುದಿಲ್ಲ. ಆದರೂ ಕಾರ್ಡನ್ನು ಜೋಪಾನವಾಗಿಡಿ. ಯಾವ ಹಲ್ಲಿಗೆ ಯಾವ ವಸ್ತು ಹಾಕಿದ್ದಾರೆ ಅಂತ ಅದರಲ್ಲಿ ಬರೆದಿರುತ್ತದೆ, ಇಲ್ಲದಿದ್ದರೆ ಬರೆಸಿಕೊಳ್ಳಿ. ಮುಂದೆ ಬೇರೆ ಊರಿನ ಡಾಕ್ಟರು ನೋಡುವಾಗ ಅವರಿಗೆ ಅದು ಬೇಕು.

ಎಂದಾದರೂ ಕ್ಯಾಪ್ ಇಡಿಯಾಗಿ ಕಳಚಿ ಬಂದರೆ ಎಸೆಯಬೇಡಿ. ಅಂಗಡಿಯ ಗಮ್ ಹಾಕಿ ನೀವೇ ಅಂಟಿಸಿಕೊಳ್ಳಲೂ ಬೇಡಿ. ತೊಳೆದು, ಸಣ್ಣ ಡಬ್ಬಿಯಲ್ಲಿಟ್ಟು ಎರಡು ಮೂರು ದಿನದೊಳಗೆ ಡಾಕ್ಟರ ಹತ್ತಿರ ಒಯ್ಯಿರಿ. ಒಳಗಿನ ಹಲ್ಲು ಚೆನ್ನಾಗಿದ್ದರೆ ಎಷ್ಟೋ ಸಲ ಅದೇ ಕ್ಯಾಪನ್ನು ಶುದ್ಧ ಮಾಡಿ ಮತ್ತೆ ಕೂರಿಸಬಹುದು.

ನಮಸ್ಕಾರ.