ಹಳ್ಳದ ದಂಡೆ ಬೋಳಿಸಬೇಡಿ

ನಮಸ್ಕಾರ. ಮನೆ ಹತ್ತಿರದ ಹಳ್ಳ ನೋಡಿಕೊಳ್ಳೋಣ ಅಂತ ಅಕ್ಕಪಕ್ಕದವರು ರಜೆಯ ಬೆಳಗ್ಗೆ ಚೀಲ ಹಿಡಿದು ನೀರಿಗೆ ಇಳಿಯುತ್ತಾರಲ್ಲ, ಅವರನ್ನು ಕಂಡರೆ ನನಗೆ ತುಂಬಾ ಪ್ರೀತಿ. ನಾನೂ ಅವರಲ್ಲಿ ಒಬ್ಬ. ಅದಕ್ಕೇ ಈ ಮಾತು ಹೇಳುತ್ತಿದ್ದೇನೆ. ನಾವು ಹಳ್ಳವನ್ನು ಜಾಸ್ತಿಯೇ ಸ್ವಚ್ಛ ಮಾಡುತ್ತಿದ್ದೇವೆ.

ಪ್ಲಾಸ್ಟಿಕ್, ಗಾಜು, ಹಳೇ ಟೈರು ಹೊರಗೆ ಬರಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಚೀಲ ತುಂಬಿಸುವ ಹುರುಪಿನಲ್ಲಿ ತರಗೆಲೆಯನ್ನೂ ಬಾಚಿ ಹಾಕುತ್ತೇವೆ. ನೀರಿಗೆ ಬಿದ್ದ ಕೊಂಬೆ ಎಳೆದು ಬಿಸಾಡುತ್ತೇವೆ. ದಂಡೆಯ ಹುಲ್ಲು, ಪೊದೆ ಎಲ್ಲ ಸವರಿಬಿಡುತ್ತೇವೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಆ ಮಣ್ಣನ್ನು ಹಿಡಿದುಕೊಂಡಿದ್ದು ಬೇರುಗಳೇ ಅಲ್ವಾ? ಜೋರು ಮಳೆ ಬಂದರೆ ಬೋಳು ದಂಡೆ ಕುಸಿದು ನೀರಿಗೇ ಬೀಳುತ್ತದೆ. ಹೂಳು ಕಲ್ಲುಗಳ ಸಂದಿಗೆ ಮೆತ್ತಿಕೊಳ್ಳುತ್ತದೆ.

ಆ ಸಂದಿಯಲ್ಲಿ ಯಾರಿದ್ದಾರೆ ಅಂತ ಒಮ್ಮೆ ನೋಡಿ. ನೀರು ಕಡಿಮೆ ಇರುವ ಕಡೆ ಅಂಗೈ ಅಗಲದ ಕಲ್ಲೊಂದನ್ನು ಮೆಲ್ಲಗೆ ಎತ್ತಿ. ಚಪ್ಪಟೆ ಮೈಯ ಪುಟ್ಟ ಹುಳುವೊಂದು ಸರ್ರನೆ ಆಚೆ ಮಗ್ಗುಲಿಗೆ ಓಡಬಹುದು. ಬಾಲದಲ್ಲಿ ಕೂದಲಿನಂಥ ಎರಡು ಮೂರು ಎಳೆ. ಅದು ಮೇಫ್ಲೈ ಅನ್ನುವ ಹಾರುವ ಕೀಟದ ಮರಿ. ಪಕ್ಕದಲ್ಲಿ ಮರಳು ಅಂಟಿಕೊಂಡ ಸಣ್ಣ ಕೊಳವೆ ಕಂಡರೆ ಕಸ ಅಂದುಕೊಂಡು ಕೆರೆಯಬೇಡಿ. ಒಳಗೆ ಕ್ಯಾಡಿಸ್‌ಫ್ಲೈ ಅನ್ನುವ ಇನ್ನೊಂದು ಕೀಟದ ಮರಿ ಇರುತ್ತದೆ. ಬಾಯಿಂದ ರೇಷ್ಮೆ ಎಳೆ ಬಿಟ್ಟು, ಒಂದೊಂದೇ ಮರಳಿನ ಕಣ ಕೂಡಿಸಿ ತಾನೇ ಕಟ್ಟಿಕೊಂಡ ಮನೆ ಅದು. ಎಷ್ಟು ಸಲ ನೋಡಿದರೂ ನನಗೆ ಸಾಕಾಗುವುದಿಲ್ಲ. ಇಂಥ ಹುಳುಗಳಲ್ಲಿ ಹೆಚ್ಚಿನವಕ್ಕೆ ಕೊಳಕು ನೀರು ಆಗಿಬರುವುದಿಲ್ಲ. ಇವುಗಳಲ್ಲಿ ಎಷ್ಟೋ ಜಾತಿಗಳ ಊಟ ಯಾವುದು ಗೊತ್ತಾ? ನಾವು ಬಾಚಿ ಹಾಕಿದ ಅದೇ ತರಗೆಲೆ.

ನೆರಳಿನ ಲೆಕ್ಕವೂ ಇದೆ. ಒಂದು ಲೀಟರ್ ನೀರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ. 30 ಡಿಗ್ರಿಗೆ ಏರಿದರೆ ಏಳೂವರೆ ಅಷ್ಟೇ. ದಂಡೆಯ ಮರ ಕಡಿದು ನೆರಳು ಹೋದಾಗ ನೀರು ಬಿಸಿಯಾಗಿ ಮೀನಿನ ಉಸಿರಿಗೂ ಕತ್ತರಿ ಬೀಳುತ್ತದೆ.

ಹಾಗಾದರೆ ಗುಂಪು ಏನು ಮಾಡಬೇಕು? ವರ್ಷಕ್ಕೊಂದು ದೊಡ್ಡ ಅಭಿಯಾನಕ್ಕಿಂತ ತಿಂಗಳಿಗೊಮ್ಮೆ ನಾಲ್ಕೇ ಜನ ಹೋದರೂ ಜಾಸ್ತಿ ಉಪಯೋಗ. ಅದೇ ಜಾಗ, ಅದೇ ಹೊತ್ತು. ಒಂದು ಥರ್ಮಾಮೀಟರ್, ಒಂದು ನೋಟ್‌ಬುಕ್. ನೀರಿನ ಬಣ್ಣ, ವಾಸನೆ, ಕಲ್ಲಿನಡಿ ಕಂಡ ಹುಳು, ಎಲ್ಲ ಬರೆದಿಡಿ. ಯಾರೋ ರಾತ್ರೋರಾತ್ರಿ ಕೊಳಚೆ ಬಿಟ್ಟರೆ, ನೀರು ಯಾವಾಗಿಂದ ಕೆಟ್ಟಿತು ಅಂತ ಆ ಪುಸ್ತಕ ತೋರಿಸಿ ಕೇಳಬಹುದು. ಸುಮ್ನೆ ಬಾಯಿಮಾತಿನ ದೂರು ಕೊಟ್ಟರೆ ತಳ್ಳಿಹಾಕುವುದು ಸುಲಭ. ಎರಡು ವರ್ಷದ ದಾಖಲೆಯನ್ನು ಹಾಗೆ ತಳ್ಳಿಹಾಕಲು ಆಗುವುದಿಲ್ಲ.

ಹಾಂ, ಎತ್ತಿದ ಕಲ್ಲನ್ನು ಮೊದಲಿದ್ದ ಮಗ್ಗುಲಿಗೇ ತಿರುಗಿಸಿ ಇಟ್ಟು ಬನ್ನಿ. ಮೆಲ್ಲಗೆ ಇಡಿ, ಕೆಳಗೆ ಮನೆಗಳಿವೆ.